ಎರಡು ಗಂಟೆ ಎಂದರೆ ಕೆಳಕ್ಕೆ

ಆರುಮುಗಂ ಅವರ ಬಲಗೈ ಸುಮ್ಮನಿದ್ದುದನ್ನು ನಾನು ನೋಡಿದ್ದೇ ಅಪರೂಪ. ಮಾತನಾಡುತ್ತಿದ್ದರೆ ಮೇಜಿನ ಅಂಚಿನ ಮೇಲೆ, ನಡೆಯುತ್ತಿದ್ದರೆ ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ, ಎಲ್ಲಾದರೂ ಕುಳಿತರೆ ತಮ್ಮ ಮಂಡಿಯ ಮೇಲೆಯೇ ಬೆರಳ ಗೆಣ್ಣಿನಿಂದ ಟಕ್, ಟಕ್ ಎಂದು ತಟ್ಟುತ್ತಿದ್ದರು. ಮೊದಮೊದಲು ನನಗೆ ಕಿರಿಕಿರಿಯಾಗುತ್ತಿತ್ತು. ಪರೀಕ್ಷೆಯ ಕೊಠಡಿಯಲ್ಲಿ ಯಾವ ವಿದ್ಯಾರ್ಥಿಯಾದರೂ ಹಾಗೆ ತಟ್ಟಿದ್ದರೆ ಎಬ್ಬಿಸಿ ಹೊರಗೆ ನಿಲ್ಲಿಸುತ್ತಿದ್ದೆ. ಆ ತಟ್ಟುವಿಕೆಯೇ ಅವರ ಉದ್ಯೋಗವೆಂದು ತಿಳಿದ ಮೇಲೆ ಸುಮ್ಮನಾದೆ.

ಆರುಮುಗಂ ಕೋಲಾರದ ಚಿನ್ನದ ಗಣಿಗಳಲ್ಲಿ, ನಂದಿದುರ್ಗವೆಂಬ ಗಣಿಯ ಕಡೆ, ಬೆಲ್‌ಮ್ಯಾನ್ ಆಗಿದ್ದರು. ಭೂಮಿಯೊಳಕ್ಕೆ ಇಳಿಯುವ ಶಾಫ್ಟಿನ ಬಾಯಿಯಲ್ಲಿ ನಿಂತು, ಹಗ್ಗಕ್ಕೆ ತೂಗುವ ಕಬ್ಬಿಣದ ಕೇಜಿಗೆ ಜನ ಹತ್ತಿದರೋ ಇಳಿದರೋ ನೋಡಿ, ದೂರದ ಎಂಜಿನ್ ಮನೆಯಲ್ಲಿರುವ ಚಾಲಕನಿಗೆ ಗಂಟೆಯ ಮೂಲಕ ತಿಳಿಸುವುದು ಅವರ ಕೆಲಸ. ಚಾಲಕನಿಗೆ ಕೇಜು ಕಾಣುವುದಿಲ್ಲ. ಕಿವಿಗೆ ಬಿದ್ದ ಗಂಟೆಯನ್ನೇ ನಂಬಿ ಹಗ್ಗ ಸುತ್ತುತ್ತಾನೆ, ಬಿಡುತ್ತಾನೆ. ನಿಂತಿರುವ ಕೇಜಿಗೆ ಒಂದು ಗಂಟೆ ಎಂದರೆ ಮೇಲಕ್ಕೆ. ಓಡುತ್ತಿರುವ ಕೇಜಿಗೆ ಅದೇ ಒಂದು ಗಂಟೆ ಎಂದರೆ ನಿಲ್ಲು. ಎರಡು ಗಂಟೆ ಎಂದರೆ ಕೆಳಕ್ಕೆ. ಬೇರೆ ಗಂಟೆಗಳೂ ಇದ್ದವು. ಅವು ಈ ಕಥೆಗೆ ಬೇಕಿಲ್ಲ.

ಮನೆಯಲ್ಲಿಯೂ ಇದೇ ಶಾಸನ. ಒಮ್ಮೆ ಲೈನಿನಲ್ಲಿ, ಎಂದರೆ ಗಣಿಯವರ ಸಾಲುಮನೆಗಳಲ್ಲಿ, ಇದ್ದ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಆರುಮುಗಂ ತಟ್ಟೆಯ ಅಂಚಿಗೆ ಒಂದು ತಟ್ಟಿದರು. ಅವರ ಹೆಂಡತಿ ಮಾರಿಯಮ್ಮ ಬಂದು ಸಾರು ಬಡಿಸತೊಡಗಿದರು. ಮತ್ತೆ ಒಂದು ತಟ್ಟಿದರು. ಸೌಟು ನಿಂತಿತು.

“ಬಾಯಿದೆಯಲ್ಲ, ಅದರಲ್ಲಿ ಕೇಳಬಾರದೇ?” ಎಂದೆ.

“ನೀವೇ ಹೇಳಿ ಸಾರ್,” ಎಂದರು ಮಾರಿಯಮ್ಮ. “ಮದುವೆ ಆದಾಗಿಂದ ನಾನೇ ಇವ್ರ ಎಂಜಿನ್ ಡ್ರೈವರ್. ಇನ್ನೂ ಪರ್ಮನೆಂಟ್ ಮಾಡಿಲ್ಲ.”

“ಎರಡು ತಟ್ಟಿದರೆ ಏನು ಮಾಡುತ್ತೀರಿ?”

“ಪಾತ್ರೆ ಕೆಳಗೆ ಇಡಬೇಕು. ಊಟ ಆಯ್ತು ಅಂತ ಅರ್ಥ.”

ಆರುಮುಗಂ ತಲೆ ಎತ್ತದೆ ನಕ್ಕರು. ಆ ಹೊತ್ತಿಗೆ ಭೂಮಿಯ ಆಳದಲ್ಲೆಲ್ಲೋ ಬಂಡೆ ಸಿಡಿದು ಗೋಡೆಯ ಮೇಲಿನ ಪಾತ್ರೆಗಳು ಗಲಗಲ ಅಲುಗಾಡಿದವು. ಮಾರಿಯಮ್ಮ ಒಂದು ಕೈಯಿಂದ ಪಾತ್ರೆಗಳನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ನನಗೆ ಅನ್ನ ಬಡಿಸಿದರು. ಆ ಊರಿನಲ್ಲಿ ಯಾರೂ ನೆಮ್ಮದಿಯಾಗಿ ಕುಳಿತು ಊಟಮಾಡಿದ್ದು ನನಗೆ ನೆನಪಿಲ್ಲ.

ನಾನು ಅಲ್ಲಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಕ್ರೀಡಾ ಸಮಿತಿಯ ಹೊಣೆಯೂ ನನ್ನ ಮೇಲೆ ಬಿದ್ದಿತ್ತು. ನನಗೆ ಆಟ ಬರುತ್ತಿತ್ತೆಂದಲ್ಲ; ಹೊಣೆಗಳನ್ನು ಹಂಚಿದ ಸಭೆಯ ದಿನ ನಾನು ರಜೆಯ ಮೇಲಿದ್ದೆ, ಅಷ್ಟೇ. ನಮ್ಮ ಫುಟ್‌ಬಾಲ್ ತಂಡಕ್ಕೆ ಆರುಮುಗಂ ಕೋಚ್ ಆಗಿದ್ದರು. ಅವರನ್ನು ಯಾರೂ ನೇಮಿಸಿರಲಿಲ್ಲ. ಯೌವನದಲ್ಲಿ ತಮ್ಮ ಗಣಿಯ ತಂಡಕ್ಕೆ ಆಡುತ್ತಿದ್ದವರು, ಮಂಡಿ ಕೆಟ್ಟ ಮೇಲೆ ಬೆಳಗಿನ ಪಾಳಿ ಮುಗಿಸಿ ನಮ್ಮ ಮೈದಾನದ ಗೆರೆಯ ಬಳಿ ಬಂದು ನಿಲ್ಲತೊಡಗಿದರು. ನಿಂತವರು ಒಂದು ದಿನ ಹುಡುಗರನ್ನು ಬೈದರು. ಮರುದಿನ ಹುಡುಗರು ಅವರನ್ನು ಕಾದರು. ಹಾಗೆ ಕೋಚ್ ಆದವರು.

ಪಂದ್ಯದ ನಡುವೆ ಸೀಟಿ ಊದುವ ಅಧಿಕಾರ ರೆಫರಿಗೆ ಮಾತ್ರ. ಕೂಗೋಣವೆಂದರೆ ತಮಿಳು, ತೆಲುಗು, ಕನ್ನಡ ಮೂರರಲ್ಲಿ ಯಾವುದರಲ್ಲಿ ಕೂಗುವುದು? ಆದ್ದರಿಂದ ಆರುಮುಗಂ ಗಣಿಯ ಒಂದು ಹಳೆಯ ಕಬ್ಬಿಣದ ತುಂಡನ್ನು ತಂದು ಗೆರೆಯ ಪಕ್ಕದ ಬೇವಿನ ಮರಕ್ಕೆ ನೇತುಹಾಕಿದರು. ಒಂದು ದಪ್ಪ ಬೋಲ್ಟಿನಿಂದ ಅದನ್ನು ಬಾರಿಸುತ್ತಿದ್ದರು. ಒಂದು ಹೊಡೆತ ಬಿದ್ದರೆ ತಂಡ ಮೇಲೇರುತ್ತಿತ್ತು, ಎಂದರೆ ಎದುರಾಳಿಯ ಗೋಲಿನ ಕಡೆಗೆ. ಓಡುತ್ತಿರುವಾಗ ಒಂದು ಬಿದ್ದರೆ ನಿಲ್ಲುತ್ತಿತ್ತು. ಎರಡು ಬಿದ್ದರೆ ನಮ್ಮ ಗೋಲಿನ ಕಡೆಗೆ ಇಳಿದು ಕಾಯುತ್ತಿತ್ತು. ಇದನ್ನು ಅವರು ಯಾರಿಗೂ ಕಲಿಸಲಿಲ್ಲ. ಆಗ ಆಡುತ್ತಿದ್ದವರೆಲ್ಲ ಲೈನಿನ ಹುಡುಗರು. ಅಪ್ಪ ಗಣಿಯಲ್ಲಿ, ಅಜ್ಜ ಗಣಿಯಲ್ಲಿ; ಮನೆಯಲ್ಲಿ ತಟ್ಟೆ ತಟ್ಟಿದರೂ ಅವರಿಗೆ ಅರ್ಥವಾಗುತ್ತಿತ್ತು. ಕಲಿಸುವ ಅಗತ್ಯವೇ ಬೀಳದೆ ಹೋದದ್ದರಿಂದಲೇ ಮುಂದಿನ ಎಡವಟ್ಟಾಯಿತು.

ಎಂಬತ್ತರ ದಶಕದ ನಡುವಿನ ಹೊತ್ತಿಗೆ ಗಣಿಗಳು ಒಂದೊಂದಾಗಿ ಸೊರಗಿದವು. ಮೈಸೂರು ಮೈನ್ಸ್ ಎಂಬ ಗಣಿಯ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬಿತ್ತು. ಲೈನಿನ ಹುಡುಗರು ಓದು ಬಿಟ್ಟು ಕೆಲಸ ಹುಡುಕಿಕೊಂಡು ಹೋದರು. ಅವರ ಜಾಗಕ್ಕೆ ಬಂಗಾರಪೇಟೆಯ ಸುತ್ತಲಿನ ಹಳ್ಳಿಯ ಹುಡುಗರು ಬಂದರು. ಬೆಳಗ್ಗೆ ಹಾಲು ಕರೆದು, ಬಸ್ಸು ಹತ್ತಿ, ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಬರುವವರು. ಕಬಡ್ಡಿ ಆಡಿ ಬಲಿತ ಕಾಲುಗಳು. ಓಟದಲ್ಲಿ ಯಾರಿಗೂ ಕಡಿಮೆಯಿಲ್ಲ. ಅವರು ಒಬ್ಬಿಬ್ಬರಿದ್ದಷ್ಟು ಕಾಲ ಉಳಿದವರನ್ನು ನೋಡಿ ಆಡಿದರು. ತಂಡದಲ್ಲಿ ಅರ್ಧದಷ್ಟಾದ ಮೇಲೆ ನಾವು ಸೋಲತೊಡಗಿದೆವು. ಸಾಧಾರಣ ಸೋಲಲ್ಲ. ನಮ್ಮ ತಂಡ ಮೈದಾನದ ಮಧ್ಯೆ ಹರಿದ ಪಂಚೆಯಂತೆ ಎರಡಾಗಿಬಿಡುತ್ತಿತ್ತು. ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ. ನಡುವಿನ ಬಯಲಿನಲ್ಲಿ ಎದುರಾಳಿಗಳು ಸಂತೆಗೆ ಹೋದವರಂತೆ ನಡೆದು ಬಂದು ಗೋಲು ಹೊಡೆಯುತ್ತಿದ್ದರು.

ಲೈನಿನ ಹುಡುಗರು, “ಹಳ್ಳಿಯವರು ಮಾತು ಕೇಳುವುದಿಲ್ಲ,” ಎಂದರು. ಹಳ್ಳಿಯ ಹುಡುಗರು, “ಲೈನಿನವರು ನಮಗೆ ಚೆಂಡು ಕೊಡುವುದಿಲ್ಲ,” ಎಂದರು. ಎರಡು ಪಂಗಡದವರೂ ಬೇರೆ ಬೇರೆ ಮರಗಳ ಕೆಳಗೆ ಬೂಟು ಕಟ್ಟಿಕೊಳ್ಳುವಂತಾಯಿತು.

ಒಂದು ದಿನ ಪ್ರಿನ್ಸಿಪಾಲರಾದ ಸುಬ್ಬರಾಯಪ್ಪನವರು ನನ್ನನ್ನು ಕರೆಸಿದರು.

“ಮೇಷ್ಟ್ರೇ, ಆರುಮುಗಂ ಒಳ್ಳೆಯವರು. ಒಳ್ಳೆಯತನ ನೋಡಿ ಯಾರಾದರೂ ಗೋಲು ಬಿಟ್ಟುಕೊಡ್ತಾರೆಯೇ? ಬಂಗಾರಪೇಟೆ ರಸ್ತೆಯ ಕಾರ್ಖಾನೆಯಲ್ಲಿ ಚಂದ್ರಶೇಖರ್ ಅಂತ ಒಬ್ಬರಿದ್ದಾರೆ. ಕೋಚ್ ತರಬೇತಿ ಆಗಿದೆ. ಸಂಜೆ ಬರೋದಕ್ಕೆ ಒಪ್ಪಿದ್ದಾರೆ.”

“ಆರುಮುಗಂ ಅವರಿಗೆ ಇನ್ನೊಂದು ಅವಕಾಶ ಕೊಡಬಹುದಲ್ಲ ಸಾರ್.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಕೋಲಾರದ ಕಾಲೇಜಿನವರು ಬರೋ ತನಕ ಕಾಯೋಣ. ಅಷ್ಟರಲ್ಲಿ ಈ ತಂಡ ಒಂದು ತಂಡದ ಹಾಗೆ ಕಾಣದಿದ್ದರೆ ಚಂದ್ರಶೇಖರ್‌ಗೆ ಒಪ್ಪಿಸಿಬಿಡೋಣ. ಇಲ್ಲದಿದ್ದರೆ ಆಡಳಿತ ಮಂಡಳಿಯವರು ಫುಟ್‌ಬಾಲನ್ನೇ ಕೈಬಿಡಿ ಅಂತಾರೆ.”

ಆರುಮುಗಂ ಅವರಿಗೆ ನಾನೇ ಹೇಳಬೇಕಾಯಿತು. ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ಅವರ ಬೆರಳು ಕೇಳಿದಷ್ಟು ಹೊತ್ತೂ ಟಕಟಕ ಎನ್ನುತ್ತಿತ್ತು. ಅದರಲ್ಲಿ ಯಾವ ಲೆಕ್ಕವೂ ಇರಲಿಲ್ಲ.

“ನನ್ನ ಶಾಫ್ಟೂ ಮುಚ್ತಾರೆ ಅಂತಾರೆ ಸಾರ್,” ಎಂದರು ಕೊನೆಗೆ. “ದಿನಾ ಬೆಳಗ್ಗೆ ಹೋಗೋವಾಗ ಇವತ್ತೋ ನಾಳೆಯೋ ಅಂತ ಹೋಗೋದು. ಸಾಯಂಕಾಲ ಗ್ರೌಂಡ್ ಒಂದಿದೆ ಅಂತ ಇದ್ದೆ. ಇದೂ ಹೋದ್ರೆ ಮನೇಲಿ ಕೂತು ತಟ್ಟೆ ತಟ್ಟಬೇಕು. ಮಾರಿಯಮ್ಮ ಸುಮ್ನೆ ಬಿಡ್ತಾಳಾ?”

ಅಂದಿನಿಂದ ಅವರು ಒಂದು ಕಡೆ ನಿಲ್ಲದವರಾದರು. ಗೆರೆಯ ಉದ್ದಕ್ಕೂ ಕುಂಟುತ್ತ ಹೋಗುವುದು, ಬರುವುದು. ಚಂದ್ರಶೇಖರ್ ಒಂದು ಸಂಜೆ ಬಂದು ದೂರದಲ್ಲಿ ನಿಂತು ನೋಡಿದರು. ದಾವಣಗೆರೆ ಕಡೆಯವರು, ಎತ್ತರದ ಆಳು, ಸಂಕೋಚದ ಸ್ವಭಾವ. “ಹಿರಿಯರ ಜಾಗ ಕಿತ್ಕಳಾಕೆ ಬಂದಿಲ್ರೀ ಸರ್,” ಎಂದು ನನ್ನ ಕಿವಿಯಲ್ಲಿ ಹೇಳಿದರು. “ಆದ್ರೆ ಇವರು ಹಿಂಗ್ಯಾಕೆ ಆಡ್ತಾರೆ ಅಂತ ನನಗೂ ತಿಳಿವಲ್ದು. ಒಬ್ಬೊಬ್ರನ್ನೇ ನೋಡಿದ್ರೆ ಹುಲಿ ಇದ್ದಂಗೆ ಅದಾರ.”

ಅದೇ ವಾರ ಊರಿನ ಒಂದು ಕ್ಲಬ್ಬಿನ ಜೊತೆ ಅಭ್ಯಾಸದ ಪಂದ್ಯವಿತ್ತು. ನಾವು ಒಂದು ಗೋಲಿನಿಂದ ಮುಂದಿದ್ದೆವು. ಮುಗಿಯುವ ಹೊತ್ತು, ಹಿಂದೆ ನಿಂತು ಕಾದರೆ ಸಾಕಿತ್ತು. ಆರುಮುಗಂ ಎರಡು ಬಾರಿಸಿದರು. ಬಚ್ಚಪ್ಪನೆಂಬ ನಮ್ಮ ಸೆಂಟರ್ ಫಾರ್ವರ್ಡ್, ಹಳ್ಳಿಯ ಹುಡುಗ, ಚೆಂಡನ್ನು ಕಾಲಿನಲ್ಲೇ ಎಳೆದುಕೊಂಡು ಮುಂದಕ್ಕೆ ಹಾರಿದ. ಅವನ ಹಿಂದೆ ಇನ್ನೂ ನಾಲ್ವರು. ಆರುಮುಗಂ ಮತ್ತೆ ಎರಡು ಬಾರಿಸಿದರು. ಅವರು ಇನ್ನೂ ಜೋರಾಗಿ ಓಡಿದರು. ಚೆಂಡು ಕಳೆದುಕೊಂಡು ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಒಂದರ ಮೇಲೊಂದು ಎರಡು ಗೋಲು ಬಿದ್ದವು.

ಪಂದ್ಯ ಮುಗಿದ ಕೂಡಲೆ ಆರುಮುಗಂ ಬೋಲ್ಟು ಹಿಡಿದೇ ಮೈದಾನಕ್ಕೆ ನುಗ್ಗಿದರು.

“ಡೇಯ್, ಕಿವಿಯಲ್ಲಿ ಏನಿಟ್ಟಿದ್ದೀಯ? ನಾನು ಎರಡು ಕೊಟ್ಟೆನೋ ಇಲ್ಲವೋ?”

“ಕೊಟ್ರಿ ಸಾ. ಅದುಕ್ಕೇ ಓಡಿದ್ದು.”

“ಅದಕ್ಕೇ ಓಡಿದ್ದಾ? ನನ್ನನ್ನೇ ಆಡಿಸ್ತೀಯಾ?”

“ನೀವೇ ತಾನೆ ರೈಟ್ ಕೊಟ್ಟಿದ್ದು,” ಎಂದ ಬಚ್ಚಪ್ಪ.

“ರೈಟ್ ಎಲ್ಲಿ ಕೊಟ್ಟೆ? ನೀನು ಓಡಿದ್ದು ಲೆಫ್ಟ್ ಕಡೆ,” ಎಂದರು ಆರುಮುಗಂ. ಲೈನಿನ ಹುಡುಗರು ಗೊಳ್ಳೆಂದು ನಕ್ಕರು. ಬ್ಯಾಕ್ ಆಡುತ್ತಿದ್ದ ಏಳುಮಲೈ, “ಹಾಲು ಕರೆಯೋ ಕೈಗೆ ರೈಟೂ ಒಂದೇ ಲೆಫ್ಟೂ ಒಂದೇ ಸಾರ್,” ಎಂದ. ಬಚ್ಚಪ್ಪ ಬೂಟು ಬಿಚ್ಚಿ ಅಲ್ಲಿಯೇ ಇಟ್ಟು ಬರಿಗಾಲಿನಲ್ಲಿ ಬಸ್ ನಿಲ್ದಾಣದ ಕಡೆಗೆ ಹೋದ. ಮರುದಿನ ಅವನೂ ಬರಲಿಲ್ಲ, ಅವನ ಜೊತೆಯವರೂ ಬರಲಿಲ್ಲ.

ಕೋಲಾರದ ಪಂದ್ಯ ಹತ್ತಿರ ಬರುತ್ತಿತ್ತು. ಆರುಮುಗಂ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತರು. “ಬನ್ನಿ ಸಾರ್, ಅವನ ಊರಿಗೆ ಹೋಗೋಣ. ನಾನೊಬ್ಬನೇ ಹೋದ್ರೆ ಮಾತು ಬೆಳೀತದೆ. ನೀವು ಮೇಷ್ಟ್ರು, ನೀವಿದ್ರೆ ಬೈಯೋಕೆ ಆಗಲ್ಲ. ಅವನಿಗೂ ನನಗೂ.”

ಅವರು ಎಲ್ಲಿಗೆ ಹೋದರೂ ಸೈಕಲ್, ಬಂಗಾರಪೇಟೆಗಾದರೆ ರೈಲು. ಬಸ್ಸಿನ ಹೊಗೆ ಅವರಿಗೆ ಆಗದು, ಹತ್ತಿದ್ದೇ ಅಪರೂಪ. ಆ ದಿನ ನಾವು ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೊರಟುಬಿಟ್ಟಿತ್ತು. ಬೇರೆ ದಾರಿಯಿಲ್ಲದೆ ಬಸ್ಸು ಹತ್ತಿದೆವು. ಕಂಡಕ್ಟರ್ ತಲೆಯ ಮೇಲಿನ ಹಗ್ಗ ಎಳೆದ. ಟಿಂಗ್ ಟಿಂಗ್. ಬಸ್ಸು ಹೊರಟಿತು. ಆರುಮುಗಂ ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಹಿಡಿದು, ಕುಳಿತಲ್ಲೇ ಮೈಯನ್ನು ಕೆಳಕ್ಕೆ ಕುಗ್ಗಿಸಿದ್ದರು.

“ಬಸ್ಸು ಆಗುತ್ತಿಲ್ಲವೇ?” ಎಂದೆ.

ಅವರ ಕಣ್ಣು ಕಂಡಕ್ಟರನ ಕೈಯ ಮೇಲಿತ್ತು. ಕಾರ್ಖಾನೆಯ ಬಳಿ ಒಂದು ಗಂಟೆ, ಬಸ್ಸು ನಿಂತಿತು. ಜನ ಹತ್ತಿದರು. ಟಿಂಗ್ ಟಿಂಗ್. ಮತ್ತೆ ಅವರ ಮೈ ಕೆಳಕ್ಕೆ ಕುಗ್ಗಿತು, ಬಸ್ಸು ಮುಂದಕ್ಕೆ ಹೋಯಿತು.

“ಸಾರ್, ಎರಡು ಕೊಟ್ಟ,” ಎಂದರು ಮೆಲ್ಲನೆ.

“ಹೌದು.”

“ಮುಂದಕ್ಕೆ ಹೋಯ್ತು.”

ನನಗೆ ಆಗಲೂ ಹೊಳೆಯಲಿಲ್ಲ. ಅವರು ಕೈ ಚಾಚಿ ಕಂಡಕ್ಟರನ ತೋಳು ಹಿಡಿದರು. “ತಂಬಿ, ಎರಡು ಕೊಟ್ರೆ ಏನು?”

“ಏನಂದ್ರೆ? ರೈಟು. ಯಾಕ್ ಯಜಮಾನ್ರೇ, ಈಗಿನ್ನೂ ಬಸ್ ನೋಡ್ತಿದ್ದೀರಾ?”

“ಒಂದು ಕೊಟ್ರೆ?”

“ಹೋಲ್ಡಾನ್. ಏನೂ ಕೊಡ್ಲಿಲ್ಲ ಅಂದ್ರೆ ನಾನು ಕೆಳಗೆ ಬಿದ್ದೋಗಿದ್ದೀನಿ ಅಂತ ತಿಳ್ಕೊಳ್ಳಿ.” ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆರುಮುಗಂ ಮಾತ್ರ ನಗಲಿಲ್ಲ. ಬಂಗಾರಪೇಟೆ ಬರುವವರೆಗೂ ಪ್ರತಿಯೊಂದು ನಿಲ್ದಾಣದಲ್ಲಿಯೂ ಕತ್ತು ಮುಂದಕ್ಕೆ ಚಾಚಿ, ಹಗ್ಗವನ್ನೇ ನೋಡುತ್ತ ಕುಳಿತಿದ್ದರು.

ಬಚ್ಚಪ್ಪನ ಮನೆಯ ಅಂಗಳದಲ್ಲಿ ಅವನ ತಾಯಿ ಅಶ್ವತ್ಥಮ್ಮ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡು ಕೊಟ್ಟಿಗೆಯ ಕಡೆಗೆ ಕೂಗಿದಳು. “ಲೇ ಬಚ್ಚ, ನಿನ್ ಮೇಷ್ಟ್ರು ಬಂದವ್ರೆ ಕಣ್ಲಾ. ಅದೇನ್ ಗನಂದಾರಿ ಕೆಲ್ಸ ಮಾಡ್ ಬಂದಿದ್ದೀಯೋ, ಬಂದು ಯೋಳು.”

ಬಚ್ಚಪ್ಪ ಕೈಯಲ್ಲಿ ಹುಲ್ಲಿನ ಕಂತೆ ಹಿಡಿದು ಬಂದು ಮುಖ ಊದಿಸಿಕೊಂಡು ನಿಂತ. ಬೈಗುಳಕ್ಕೆ ಸಿದ್ಧನಾಗಿದ್ದ. ಆರುಮುಗಂ ಏನೂ ಹೇಳದೆ ಬಗ್ಗಿ, ಕ್ಯಾನಿನ ಮುಚ್ಚಳದ ಮೇಲೆ ಎರಡು ತಟ್ಟಿದರು.

“ಏನು ಮಾಡ್ತೀಯ?”

“ಓಡ್ತೀನಿ.”

“ಎಲ್ಲಿಗೆ?”

“ಮುಂದಕ್ಕೆ ಸಾ. ಇನ್ನೆಲ್ಲಿಗ್ ಓಗಾದು? ಎರಡು ಬೆಲ್ ಕೊಟ್ರೆ ಬಸ್ಸು ಇಂದಕ್ಕೆ ಓಯ್ತದಾ?”

ಆರುಮುಗಂ ಅಲ್ಲಿದ್ದ ಒರಳುಕಲ್ಲಿನ ಮೇಲೆ ಕುಳಿತುಬಿಟ್ಟರು. ಗಣಿಯ ಗಂಟೆಯ ಅರ್ಥವನ್ನು ನಾನೇ ಬಚ್ಚಪ್ಪನಿಗೆ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವನ ಬಾಯಿ ತೆರೆದುಕೊಂಡಿತು.

“ಅಂಗಾದ್ರೆ ಒಂದು ಒಡ್ದಾಗ ಏಳುಮಲೈ ಮುಂದಕ್ಕೆ ಓಡ್ತಿದ್ದದ್ದು ಅದುಕ್ಕೇನಾ? ಒಂದಕ್ಕೆ ನಾವೆಲ್ಲಾ ನಿಂತ್ಕಂತಿದ್ವಿ. ಅವನ್ಗೇ ಕಿವಿ ಕೆಟ್ಟೋಗೈತೆ ಅಂದ್ಕಂಡಿದ್ದೆ ಸಾ.”

ಓಡುತ್ತಿರುವಾಗ ಒಂದು ಗಂಟೆ ಬಿದ್ದರೆ ನಿಲ್ಲಬೇಕೆಂಬುದು ಶಾಫ್ಟಿನಲ್ಲಿಯೂ ಸರಿ, ಬಸ್ಸಿನಲ್ಲಿಯೂ ಸರಿ. ಅದೊಂದು ಹೊಂದಿಕೆಯಾಗುತ್ತಿದ್ದುದರಿಂದಲೇ ಉಳಿದ ಗೊಂದಲ ಇಷ್ಟು ಕಾಲ ಯಾರಿಗೂ ತಿಳಿಯದೆ ಹೋಗಿತ್ತು. ಅಶ್ವತ್ಥಮ್ಮ ನಮಗೆ ಮಜ್ಜಿಗೆ ತಂದುಕೊಟ್ಟು, “ಇಷ್ಟು ಓದಿದೋರು ಸೇರ್ಕಂಡು ಒಂದು ಎರಡು ಎಣಿಸಾಕೆ ಇಷ್ಟು ವರ್ಸ ಬೇಕಾಯ್ತಾ?” ಎಂದಳು. ನಾನು ತಲೆ ತಗ್ಗಿಸಿ ಮಜ್ಜಿಗೆ ಕುಡಿದೆ.

ಹಿಂದಿರುಗುವಾಗ ನನ್ನ ಮನಸ್ಸು ಹಗುರವಾಗಿತ್ತು. ಹಳ್ಳಿಯ ಹುಡುಗರಿಗೆ ಗಣಿಯ ಗಂಟೆ ಕಲಿಸಿಬಿಟ್ಟರೆ ಆಯಿತು, ಆರುಮುಗಂ ಅವರ ಜಾಗ ಉಳಿಯುತ್ತದೆ ಎಂದುಕೊಂಡೆ. ಹಾಗೆಯೇ ಪ್ರಾರಂಭವಾಯಿತು. ಸಾಲಾಗಿ ನಿಲ್ಲಿಸಿ ಬಾರಿಸಿದರೆ ಎಲ್ಲರೂ ಸರಿಯಾಗಿ ಹೋಗುತ್ತಿದ್ದರು. ಕಾಲಿಗೆ ಚೆಂಡು ಸಿಕ್ಕಿದ ಗಳಿಗೆ ಮತ್ತೆ ಬಸ್ಸು.

“ತಲೆಗ್ ಗೊತ್ತು ಸಾ, ಕಾಲಿಗ್ ಗೊತ್ತಾಗ್ತಿಲ್ಲ,” ಎಂದು ಬಚ್ಚಪ್ಪ ತನ್ನ ತೊಡೆಗೆ ತಾನೇ ಗುದ್ದಿಕೊಂಡ. “ಬರ್ತಾ ಓಗ್ತಾ ದಿನಾ ಅದೇ ಬೆಲ್ಲು. ನೀವು ಬಾರ್ಸೋದು ಸಂಜೆ ಒಸಿ ಒತ್ತು.”

ಏಳುಮಲೈ ಒಂದು ಉಪಾಯ ಹೇಳಿದ. ಅಷ್ಟು ಹೊತ್ತಿಗೆ ಎರಡು ಪಂಗಡದವರೂ ಒಂದೇ ಮರದ ಕೆಳಗೆ ಕುಳಿತು ಒಬ್ಬರನ್ನೊಬ್ಬರು ಅಣಕಿಸುವಷ್ಟು ಹತ್ತಿರವಾಗಿದ್ದರು. “ಬಸ್ ಗಂಟೆ ನಮಗೂ ಗೊತ್ತು ಸಾರ್. ನಾವೇ ಬದ್ಲಾಯಿಸ್ಕೋತೀವಿ. ನೀವು ಅದನ್ನೇ ಕೊಡಿ. ಈ ಬಚ್ಚನ ತಲೆಗೆ ಹೊಸದು ಹಾಕೋಕೆ ಜಾಗ ಇಲ್ಲ.”

“ನಿನ್ ತಲೇಲಿ ಬರೀ ಜಾಗಾನೇ ಐತೆ, ಅದುಕ್ಕೇ ನಿನ್ಗೆ ಸುಲಭ,” ಎಂದ ಬಚ್ಚಪ್ಪ.

ಆ ಸಂಜೆಯ ಅಭ್ಯಾಸದಾಟ ಆರಂಭವಾಯಿತು. ಆರುಮುಗಂ ಬೋಲ್ಟು ಹಿಡಿದು ನಿಂತರು. ಬಚ್ಚಪ್ಪನ ಮುಂದೆ ಬಯಲು ತೆರೆದಿತ್ತು. ಎಲ್ಲರೂ ಮುಂದೆ ಹೋಗಬೇಕಾದ ಗಳಿಗೆ. ಬಸ್ಸಿನ ಲೆಕ್ಕದಲ್ಲಿ ಎರಡು ಬಾರಿಸಬೇಕಿತ್ತು. ಅವರು ಒಂದು ಬಾರಿಸಿದರು. ಎರಡನೆಯದಕ್ಕೆ ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಹುಡುಗರು ಓಡುತ್ತಿದ್ದವರು ನಿಂತು ತಿರುಗಿ ನೋಡಿದರು. ಆರುಮುಗಂ ಬೋಲ್ಟನ್ನು ಬಿಗಿಯಾಗಿ ಹಿಡಿದು ಮತ್ತೆ ಪ್ರಯತ್ನಿಸಿದರು. ಮತ್ತೆ ಹಾಗೆಯೇ. ಕೊನೆಗೆ ಬೋಲ್ಟನ್ನು ಬೇವಿನ ಮರದ ಬುಡದಲ್ಲಿಟ್ಟು ನನ್ನ ಪಕ್ಕಕ್ಕೆ ಬಂದು ಕುಳಿತರು.

“ಕೈ ಕೇಳ್ತಾ ಇಲ್ಲ ಸಾರ್.”

“ಅಭ್ಯಾಸವಾದರೆ ಬರುತ್ತದೆ. ನಾಲ್ಕು ದಿನ ನೋಡಿ.”

“ಬಂದ್ಬಿಟ್ರೆ ಅಂತಲೇ ಭಯ.” ಅವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. “ನನಗೆ ಗಂಟೆ ಕಲಿಸಿದ ಮುದುಕರು ಒದ್ದೆ ಟವೆಲ್ಲಿಂದ ಈ ಗೆಣ್ಣಿನ ಮೇಲೆ ಹೊಡೀತಿದ್ರು. ಎರಡು ಅಂದ್ರೆ ಕೆಳಗೆ. ನಿದ್ದೇಲಿ ಕೇಳಿದ್ರೂ ಕೆಳಗೆ. ಎರಡು ಅಂದ್ರೆ ಮುಂದೆ ಅಂತ ಈಗ ಈ ಕೈಗೆ ಹೇಳಿಕೊಟ್ರೆ, ನಾಳೆ ಬೆಳಗ್ಗೆ ಇದೇ ಕೈ ಶಾಫ್ಟ್‌ನಲ್ಲಿ ಏನು ಮಾಡ್ತದೋ. ಇಲ್ಲಿ ತಪ್ಪಾದ್ರೆ ಗೋಲು ಸಾರ್. ಅಲ್ಲಿ ಕೇಜ್ ತುಂಬ ಜನ.”

“ಹಾಗಾದರೆ ಹಳ್ಳಿಯವರಿಗೇ ಇನ್ನಷ್ಟು ಒತ್ತಾಯ ಮಾಡಿ ಕಲಿಸೋಣ,” ಎಂದೆ.

“ಮುಂದಿನ ವರ್ಷ ಲೈನ್ ಹುಡುಗರು ಎಷ್ಟು ಜನ ಇರ್ತಾರೆ? ಅದರ ಮುಂದಿನ ವರ್ಷ? ಬಸ್ ಹುಡುಗರು ಬರ್ತಾನೇ ಇರ್ತಾರೆ. ಇವರೂ ಒಂದು ದಿನ ಬಸ್ ಹತ್ತಬೇಕಲ್ಲ ಸಾರ್. ಮುಚ್ಚೋ ಶಾಫ್ಟ್ ಗಂಟೇನ ಅವರಿಗೆ ಯಾಕೆ ಕಲಿಸಲಿ?”

ಅವರ ಬೆರಳು ಮಂಡಿಯ ಮೇಲೆ ಒಮ್ಮೆ ಮೇಲೆದ್ದು, ತಟ್ಟದೆ ಹಾಗೆಯೇ ಇಳಿಯಿತು. ಆಮೇಲೆ ಎದ್ದು ಲೈನಿನ ಹುಡುಗರನ್ನು ಕರೆದರು. “ಕೇಳಿ ತಂಬಿಗಳಾ. ನಾಳೆಯಿಂದ ಗ್ರೌಂಡು ಶಾಫ್ಟ್ ಅಲ್ಲ, ಬಸ್ಸು. ಎರಡು ಕೊಟ್ರೆ ಮುಂದೆ. ಹಿಂದೆ ಬರೋಕೆ ಮೂರು. ಮನೇಲಿ ಅಪ್ಪ ತಟ್ಟೆ ತಟ್ಟಿದ್ರೂ ಕಿವಿ ಮುಚ್ಕೊಳ್ಳಿ.”

“ಯಾರು ಕೊಡ್ತಾರೆ ಸಾರ್, ಗಂಟೆ?” ಎಂದು ಏಳುಮಲೈ ಕೇಳಿದ. ಅವರು ಸೈಕಲ್ಲಿನ ಕಡೆಗೆ ನಡೆದರು.

ಮರುದಿನ ಅವರೇ ಕಾರ್ಖಾನೆಯ ಗೇಟಿಗೆ ಹೋಗಿ ಚಂದ್ರಶೇಖರ್ ಅವರನ್ನು ಕರೆತಂದರು. ಪ್ರಿನ್ಸಿಪಾಲರಿಗೆ ಹೇಳುವ ಕೆಲಸವನ್ನು ನನಗೆ ಬಿಟ್ಟರು. ಬೇವಿನ ಮರದ ಕೆಳಗೆ ಬೋಲ್ಟನ್ನು ಚಂದ್ರಶೇಖರ್ ಕೈಗಿಟ್ಟು, “ಅಂಚಿಗೆ ಹೊಡೀಬೇಕು ಸಾರ್, ನಡುವೆ ಹೊಡೆದ್ರೆ ಸದ್ದು ಸಾಯ್ತದೆ,” ಎಂದರು.

“ನೀವೂ ಪಕ್ಕದಾಗೆ ಇರ್ರಿ,” ಎಂದರು ಚಂದ್ರಶೇಖರ್. “ಹುಡುಗರು ನಿಮ್ಮನ್ನ ಹಚ್ಕೊಂಡಾರ. ನಾನು ಬಾರಿಸ್ತೀನಿ, ನೀವು ಹೇಳ್ರಿ.”

“ಒಂದು ಹಗ್ಗಕ್ಕೆ ಒಂದೇ ಕೈ ಸಾರ್. ಎರಡು ಕೈ ಸೇರಿದ್ರೆ ಡ್ರೈವರ್ ಯಾರನ್ನ ನಂಬ್ತಾನೆ?” ಹಾಗೆಂದು ಸೈಕಲ್ ತಳ್ಳಿಕೊಂಡು ಹೊರಟರು. ಹತ್ತಿ ತುಳಿಯಬಹುದಾಗಿತ್ತು, ರಸ್ತೆಯ ತಿರುವಿನವರೆಗೂ ತಳ್ಳಿಕೊಂಡೇ ಹೋದರು.

ಕೋಲಾರದವರು ಬಂದ ದಿನ ಮೈದಾನದ ಸುತ್ತ ಜನವೋ ಜನ. ಮಾರಿಯಮ್ಮ ಕೂಡ ಲೈನಿನ ಹೆಂಗಸರೊಂದಿಗೆ ಬಂದಿದ್ದರು. “ಇವ್ರು ಎಲ್ಲಿ ಸಾರ್? ಊಟ ಬಿಟ್ಟು ಎದ್ದು ಹೋದ್ರು,” ಎಂದು ನನ್ನನ್ನು ಕೇಳಿದರು. ನನಗೂ ತಿಳಿದಿರಲಿಲ್ಲ. ಬೇಗನೆ ನಮ್ಮ ಮೇಲೆ ಒಂದು ಗೋಲು ಬಿತ್ತು. ಆದರೆ ತಂಡ ಹರಿಯಲಿಲ್ಲ. ಮೂರು ಬಿದ್ದರೆ ಎಲ್ಲರೂ ಹಿಂದಕ್ಕೆ, ಎರಡು ಬಿದ್ದರೆ ಎಲ್ಲರೂ ಮುಂದಕ್ಕೆ. ಒಮ್ಮೆ ಮಾತ್ರ ಏಳುಮಲೈ ಎರಡಕ್ಕೆ ಹಿಂದೆ ಹೆಜ್ಜೆಯಿಟ್ಟು, ನಾಲಿಗೆ ಕಚ್ಚಿಕೊಂಡು ಮುಂದೆ ಓಡಿದ. ಸುಬ್ಬರಾಯಪ್ಪನವರು ಕನ್ನಡಕ ಹಾಕಿಕೊಂಡೇ ನೋಡುತ್ತಿದ್ದರು.

ವಿರಾಮದ ಹೊತ್ತಿಗೆ ನನಗೆ ಕೂರಲಾಗಲಿಲ್ಲ. ಮೈದಾನದ ಆಚೆಗೆ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಸುರಿದ ಬಿಳಿ ಮಣ್ಣಿನ ದಿಬ್ಬವಿದೆ. ಅದರ ನೆತ್ತಿಯ ಮೇಲೆ ಒಂದು ಸೈಕಲ್ಲು ಬಿಸಿಲಿಗೆ ಮಿನುಗಿತು. ಆ ಜಾರುವ ದಿಬ್ಬಕ್ಕೆ ಸೈಕಲ್ಲನ್ನು ಹೊತ್ತು ಹತ್ತುವವರು ಇನ್ಯಾರು? ಕೊಡೆ ಊರಿಕೊಂಡು ನಾನೂ ಹತ್ತಿದೆ.

ಆರುಮುಗಂ ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕುಳಿತಿದ್ದರು.

“ಇಲ್ಲಿಂದ ನಾನು ಏನು ತಟ್ಟಿದ್ರೂ ಅವರಿಗೆ ಕೇಳಿಸಲ್ಲ,” ಎಂದರು ನನ್ನನ್ನು ನೋಡದೆ. “ಅಲ್ಲಿಂದ ಹೊಡೆದದ್ದು ನನಗೆ ಕೇಳಿಸ್ತದೆ. ಅದೇ ಕಷ್ಟ.”

ಆಟ ಮತ್ತೆ ಪ್ರಾರಂಭವಾಯಿತು. ಕೆಳಗಿನಿಂದ ಕಬ್ಬಿಣದ ಸದ್ದು ಗಾಳಿಯಲ್ಲಿ ಸ್ವಲ್ಪ ತಡವಾಗಿ ಬರುತ್ತಿತ್ತು. ಎರಡು ಕೇಳಿಸಿದಾಗಲೆಲ್ಲ ಅವರ ಭುಜ ಕೆಳಕ್ಕೆ ಕುಗ್ಗುತ್ತಿತ್ತು; ಹುಡುಗರು ಮೇಲಕ್ಕೆ ಹೋಗುತ್ತಿದ್ದರು. ಆರುಮುಗಂ ಒಂದು ಬಾರಿ ತಡೆಯಲಾಗದೆ, “ಇಳೀರೋ,” ಎಂದರು. ಹುಡುಗರು ಇಳಿಯಲಿಲ್ಲ. ಇಳಿಯದಿದ್ದುದೇ ಸರಿಯಾಗಿತ್ತು.

ಹೊತ್ತು ಇಳಿಯುತ್ತ ಬಂತು. ದಿಬ್ಬದ ನೆರಳು ಮೈದಾನದ ಅಂಚನ್ನು ಮುಟ್ಟಿತು. ಏಳುಮಲೈ ಎಲ್ಲಿಂದಲೋ ಚೆಂಡು ಕಿತ್ತುಕೊಂಡು ತಲೆಯೆತ್ತಿದ. ಟಣ್, ಟಣ್. ಹನ್ನೊಂದು ಜನರಲ್ಲಿ ಗೋಲ್‌ಕೀಪರನೊಬ್ಬನನ್ನು ಬಿಟ್ಟು ಎಲ್ಲರೂ ಒಂದೇ ಅಲೆಯಂತೆ ಮುಂದಕ್ಕೆ ಹೋದರು. ಅಷ್ಟು ದೂರದಿಂದ ಯಾರು ಲೈನಿನವರು, ಯಾರು ಹಳ್ಳಿಯವರೆಂದು ಗುರುತು ಹತ್ತುತ್ತಿರಲಿಲ್ಲ. ಬಚ್ಚಪ್ಪನ ಓಟ ಮಾತ್ರ ಗುರುತಾಗುತ್ತಿತ್ತು. ಚೆಂಡು ಬಲೆಗೆ ಬಿದ್ದದ್ದು ಮೊದಲು ಕಂಡಿತು. ಕೂಗು ಆಮೇಲೆ ಕೇಳಿತು.

ಆರುಮುಗಂ ತೊಡೆಯ ಕೆಳಗಿನಿಂದ ಕೈ ತೆಗೆದರು. ಮರಳೊತ್ತಿ ಅಂಗೈಯೆಲ್ಲ ಕೆಂಪಾಗಿತ್ತು.

“ಎರಡು ಕೊಟ್ರು. ಎಲ್ಲಾ ಮೇಲಕ್ಕೆ ಹೋದ್ರು,” ಎಂದರು. ಅದೇ ಮಾತನ್ನು ತಮಿಳಿನಲ್ಲಿಯೂ ಒಮ್ಮೆ ತಮಗೆ ತಾವೇ ಹೇಳಿಕೊಂಡರು.

ಪಂದ್ಯ ಸಮವಾಗಿಯೇ ಮುಗಿಯಿತು. ಹುಡುಗರು ಗೆರೆಯ ಬಳಿ ಗುಂಪುಗೂಡಿ ಸುತ್ತಲೂ ಯಾರನ್ನೋ ಹುಡುಕುತ್ತಿದ್ದರು. ಬಚ್ಚಪ್ಪ ಕೈಯನ್ನು ಹಣೆಗಿಟ್ಟುಕೊಂಡು ದಿಬ್ಬದ ಕಡೆಗೆ ನೋಡಿದ. ಸೈಕಲ್ಲಿನ ಮಿನುಗು ಅವನಿಗೂ ಕಂಡಿರಬೇಕು. ಚಂದ್ರಶೇಖರ್ ಕೈಯಿಂದ ಬೋಲ್ಟು ತೆಗೆದುಕೊಂಡು ಬೇವಿನ ಮರದ ಬಳಿಗೆ ಓಡಿದ. ಟಣ್, ಟಣ್. ನಿಲ್ಲಿಸಿ ನಮ್ಮ ಕಡೆ ನೋಡಿ ಮತ್ತೆ, ಟಣ್, ಟಣ್.

“ಏನು ಹೇಳುತ್ತಿದ್ದಾನೆ?” ಎಂದೆ. “ಮುಂದಕ್ಕೆ ಬನ್ನಿ ಎಂದೇ?”

ಆರುಮುಗಂ ಕತ್ತು ಓರೆಮಾಡಿ ಕೇಳಿಸಿಕೊಂಡರು. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ನಗೆ ಮೂಡಿತ್ತು.

“ಇಲ್ಲ ಸಾರ್. ಇದು ನಮ್ಮ ಗಂಟೆ,” ಎಂದರು. ನನ್ನ ಕೊಡೆಯ ಹಿಡಿಯ ಮೇಲೆ ಗೆಣ್ಣಿನಿಂದ ಎರಡು ತಟ್ಟಿ, ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಕೆಳಕ್ಕೆ ಇಳಿಯತೊಡಗಿದರು.